ಅಭ್ಯಾಸ ಮುಗಿಸಿ ಬಿಪಿ ನೋಡಿದ ನನ್ನ ಎಡವಟ್ಟು

ಬಿಪಿ 150/96 ಬಂದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಉಪ್ಪು ಕಡಿಮೆ ಮಾಡಿ, ದಿನಾ ಸ್ವಲ್ಪ ಹೊತ್ತು ನಿಧಾನವಾಗಿ ಉಸಿರಾಡುವುದನ್ನು ರೂಢಿಸಿಕೊಳ್ಳಿ ಅಂದರು. ಮಾತ್ರೆ ಅವತ್ತೇ ಶುರುವಾಯಿತು. ಉಸಿರಾಟಕ್ಕೆ ಕೂರಲು ಮಾತ್ರ ಎರಡು ತಿಂಗಳು ಹಿಡಿಯಿತು. ಸುಮ್ನೆ ಕೂತರೆ ಬಿಪಿ ಇಳಿಯುತ್ತಾ ಅನ್ನೋ ಅನುಮಾನ.

ಕುರ್ಚಿಗೆ ಬೆನ್ನು ಒರಗಿಸಿ ಕೂರುತ್ತೇನೆ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ನಿಮಿಷಕ್ಕೆ ಸುಮಾರು 6 ಉಸಿರು. ಹೀಗೆ ಹತ್ತು ನಿಮಿಷ. ಮೊದಲ ವಾರ ಎದೆ ಉಬ್ಬಿಸಿ ಉಸಿರೆಳೆದು ತಲೆ ಗಿರ್ರೆಂದಿತು. ಉಸಿರು ನಿಧಾನವಾದರೆ ಸಾಕು, ದೊಡ್ಡದಾಗಬೇಕಿಲ್ಲ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡವನ್ನು ಗಮನಿಸುವ ನರತುದಿಗಳಿವೆ. ನಿಧಾನವಾಗಿ ಉಸಿರಾಡಿದಾಗ ಅವು ಚುರುಕಾಗುತ್ತವೆ, ಹೃದಯದ ಬಡಿತ ತಗ್ಗುತ್ತದೆ, ಬಿಗಿದ ರಕ್ತನಾಳ ಸಡಿಲವಾಗುತ್ತದೆ.

ರಾತ್ರಿ ಮಲಗಿ ಪಾದದಿಂದ ಹಣೆಯವರೆಗೆ ಒಂದೊಂದೇ ಸ್ನಾಯುವನ್ನು ಬಿಗಿ ಮಾಡಿ ಸಡಿಲ ಬಿಡುತ್ತೇನೆ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯರು ರೂಪಿಸಿದ ವಿಧಾನ ಇದು. ಶುರುವಿನಲ್ಲಿ ಉಸಿರು ಕಟ್ಟಿ, ಹಲ್ಲು ಕಚ್ಚಿ ಮುಷ್ಟಿ ಬಿಗಿಯುತ್ತಿದ್ದೆ. ಹಾಗೆ ಮುಕ್ಕಿದರೆ ಬಿಪಿ ಏರುತ್ತದೆ! ಈಗ ಮೆಲ್ಲಗೆ ಬಿಗಿಯುತ್ತೇನೆ, ಉಸಿರು ಹಿಡಿಯುವುದಿಲ್ಲ. ಎಷ್ಟೋ ದಿನ ಮಂಡಿ ದಾಟುವಷ್ಟರಲ್ಲಿ ನಿದ್ದೆ.

ನಿಜವಾದ ಎಡವಟ್ಟು ಬೇರೆ. ದಿನಾ ಉಸಿರಾಟ ಮುಗಿದ ಕೂಡಲೇ ಬಿಪಿ ನೋಡುತ್ತಿದ್ದೆ. 126/78 ಬಂತು. ಇನ್ನು ಮಾತ್ರೆ ಯಾಕೆ ಅಂತ ಡಾಕ್ಟರ ಹತ್ತಿರ ಹೋದೆ. "ಯಾವಾಗ ನೋಡಿದ್ದು?" ಅಂತ ಕೇಳಿದರು. ಹೇಳಿದೆ. ನಕ್ಕುಬಿಟ್ಟರು.

ಅವರು ಹೇಳಿದಂತೆ ಒಂದು ವಾರ ನೋಡಿದೆ. ಬೆಳಿಗ್ಗೆ ಮಾತ್ರೆ, ಕಾಫಿ, ಅಭ್ಯಾಸ ಎಲ್ಲಕ್ಕೂ ಮೊದಲು. ಐದು ನಿಮಿಷ ಸುಮ್ಮನೆ ಕೂತು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟದಲ್ಲಿಟ್ಟು, ಮಾತಾಡದೆ, ಒಂದು ನಿಮಿಷ ಬಿಟ್ಟು ಎರಡು ಸಲ. ಸರಾಸರಿ 140/88! ಮನೆಯಲ್ಲಿ ನೋಡುವಾಗ 135/85ಕ್ಕಿಂತ ಕೆಳಗಿರಬೇಕು. ನಾನು ಹಿಗ್ಗಿದ್ದು ಆ ಹೊತ್ತಿನ ಇಳಿತಕ್ಕೆ, ಅಷ್ಟೇ.

ಮಾತ್ರೆ ಬಿಡಲಿಲ್ಲ, ಅಭ್ಯಾಸವನ್ನೂ ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಬೆಳಗಿನ ಸರಾಸರಿ 133/84. ಅದರಲ್ಲಿ ಉಸಿರಾಟದ ಪಾಲು ಎಷ್ಟು, ಉಪ್ಪು ಕಡಿಮೆ ಮಾಡಿದ್ದರ ಪಾಲು ಎಷ್ಟು, ಬೇರ್ಪಡಿಸಲು ಆಗಲ್ಲ. ಇಂಥ ಅಭ್ಯಾಸದಿಂದ ಸಾಮಾನ್ಯವಾಗಿ ಇಳಿಯುವುದು ಕೆಲವೇ ಅಂಕಿ. ಆದರೆ ಸಿಟ್ಟು ಬಂದಾಗ ಕೈ ತಾನಾಗಿ ಸಡಿಲವಾಗುವುದು ನನಗೇ ಗೊತ್ತಾಗುತ್ತದೆ.

ಅಭ್ಯಾಸ ಮುಗಿಸಿ ಈಗಲೂ ಒಮ್ಮೊಮ್ಮೆ ಬಿಪಿ ನೋಡುತ್ತೇನೆ. ಆ ಅಂಕಿಯನ್ನು ಮಾತ್ರ ಡೈರಿಯಲ್ಲಿ ಬರೆಯುವುದಿಲ್ಲ.