ಕಮಾನಿನ ಅಚ್ಚು ಕೊನೆಗೂ ಸರಿಯಾಗಿ ಕೂತಿತು

ಹೋದ ತಿಂಗಳು ದೇವರ ಕೋಣೆ ಬಾಗಿಲಿನ ಕಮಾನು ಮೊದಲ ಸಲಕ್ಕೇ ಚೌಕಟ್ಟಿನಲ್ಲಿ ಕೂತಿತು. ಉಳಿ ಮುಟ್ಟಿಸಲಿಲ್ಲ, ಸಂದಿಗೆ ಪುಟ್ಟಿ ತುಂಬಲಿಲ್ಲ. ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಬರೆದು, ಪ್ಲಾಟರ್ ಅನ್ನೋ ದೊಡ್ಡ ಹಾಳೆಯ ಪ್ರಿಂಟರಿನಲ್ಲಿ ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು, ಆ ಕಾಗದವನ್ನ ಪ್ಲೈವುಡ್‌ಗೆ ಅಂಟಿಸಿ ಕತ್ತರಿಸಿದ ಅಚ್ಚಿನಿಂದ ಮಾಡಿದ್ದು ಅದು.

ಶಿವಮೊಗ್ಗದಲ್ಲಿ ನನ್ನ ಜೊತೆ ಡ್ರಾಫ್ಟಿಂಗ್ (ನಕ್ಷೆ ಬರೆಯೋ ಕೆಲಸ) ಮಾಡೋ ಇಬ್ಬರು "ಪ್ಲಾಟರ್ ಪ್ರಿಂಟ್ ನಂಬಿ ಮರ ಕೊಯ್ತೀಯಾ?" ಅಂದಿದ್ದರು. ಆಚಾರ್ರಂತೂ ನೇರವಾಗಿ ಹೇಳಿದ್ದರು: "ಸಾರ್, ಮೊಳೆ ಹೊಡೆದು ದಾರ ಎಳೆದ್ರೆ ಕಮಾನು ಬರುತ್ತೆ. ಕಾಗದ ಯಾಕೆ?" ಒಂದೇ ಕೇಂದ್ರದ ಕಮಾನಾದರೆ ಅವರ ಮಾತು ಸರಿ. ನನ್ನದು ಮೂರು ಕೇಂದ್ರದ್ದು (ಮೂರು ವೃತ್ತದ ತುಂಡು ಸೇರಿದ್ದು), ಅಂಚಿಗೆ ಬಳ್ಳಿ ಬೇರೆ. ಆ ಬಳ್ಳಿಯಂತೂ ದಾರದಲ್ಲಿ ಬರೋದಲ್ಲ.

ಎರಡು ವರ್ಷದ ಹಿಂದೆ ಇದೇ ಕೆಲಸದಲ್ಲಿ ಕೈ ಸುಟ್ಟುಕೊಂಡಿದ್ದೆ. ಕಮಾನು 4 ಅಡಿ ಅಗಲ, ಅಂದರೆ 1219 ಮಿ.ಮೀ. ಅರ್ಧವನ್ನ ಎ1 ಹಾಳೆಯಲ್ಲಿ (841 ಗುಣಿಸು 594 ಮಿ.ಮೀ.) ತೆಗೆಯೋದು, ಮಗುಚಿ ಹಾಕಿ ಇನ್ನರ್ಧ ಗುರುತು ಮಾಡೋದು. ಎರಡೂ ಪಕ್ಕ ಒಂದೇ ಥರ ಬರುತ್ತೆ. ಆದರೆ ತಪ್ಪಿದ್ದರೆ ಅದೂ ಎರಡರಷ್ಟಾಗುತ್ತೆ. ಸಾಗುವಾನಿ ಕೊಯ್ದು ಜೋಡಿಸಿ ಚೌಕಟ್ಟಿಗಿಟ್ಟರೆ ಹತ್ತಿರ ಒಂದೂಮುಕ್ಕಾಲು ಇಂಚು ಕಮ್ಮಿ! ಮರ, ಕೂಲಿ ಸೇರಿ 16-17 ಸಾವಿರ ಹೋಯಿತು. ಮನೆ ಮಾಲೀಕರ ಹತ್ತಿರ ಕೇಳಲಿಲ್ಲ, ನಾನೇ ಕೊಟ್ಟೆ.

ಡ್ರಾಯಿಂಗ್ ಸರಿಯಾಗೇ ಇತ್ತು. ಪಿಡಿಎಫ್ ಕೂಡ ಸರಿ ಇತ್ತು. ಅಂಗಡಿಯಲ್ಲಿ ಪ್ರಿಂಟ್ ಕೊಡುವಾಗ ಸೆಟ್ಟಿಂಗ್ "ಫಿಟ್" ಅಂತ ಇತ್ತು, ಅಂದರೆ ಹಾಳೆಗೆ ಹೊಂದಿಸು ಅಂತ. ನನ್ನ ಪಿಡಿಎಫ್ ಪೂರಾ ಎ1, ಅಂಚಿನ ಗೆರೆವರೆಗೂ. ಪ್ಲಾಟರ್ ಸುತ್ತಲೂ ಸ್ವಲ್ಪ ಜಾಗ ಬಿಡಲೇಬೇಕಲ್ವಾ, ಹಾಗಾಗಿ ಇಡೀ ಹಾಳೆಯನ್ನ 96 ಪರ್ಸೆಂಟ್ ಚಿಲ್ಲರೆಗೆ ಇಳಿಸಿ ಹೊಡೆದಿತ್ತು. ಕಣ್ಣಿಗೆ ಗೊತ್ತೇ ಆಗೋದಿಲ್ಲ. "ಶ್ರಿಂಕ್ ಓವರ್‌ಸೈಜ್ಡ್ ಪೇಜಸ್" ಅನ್ನೋದು ಇನ್ನೂ ಕೆಟ್ಟದ್ದು. ಚಿಕ್ಕ ಹಾಳೆ ಸರಿಯಾಗೇ ಬರುತ್ತೆ, ನಂಬಿಕೆ ಬರುತ್ತೆ, ದೊಡ್ಡದು ಕೊಟ್ಟಾಗ ಕುಗ್ಗಿಸುತ್ತೆ.

ಹಾಗಾಗಿ ಪಿಡಿಎಫ್ ಹಾಳೆಯನ್ನೇ ಚಿಕ್ಕದು ಮಾಡಿದೆ, 800 ಗುಣಿಸು 560 ಮಿ.ಮೀ. ಎ1ನ ಒಳಗೆ ಆರಾಮಾಗಿ ಕೂರುತ್ತೆ, ಕುಗ್ಗಿಸೋ ಕಾರಣವೇ ಇಲ್ಲ ಅಂದುಕೊಂಡೆ. ಮತ್ತೆ ಯಾರೋ "ಫಿಟ್" ಬಿಟ್ಟಿದ್ದರು. ಈ ಸಲ ಹಿಗ್ಗಿತು. ಆದರೆ ಅಷ್ಟು ಹೊತ್ತಿಗೆ ಹಾಳೆಯ ಮೂಲೆಯಲ್ಲಿ ಅಳತೆ ಗೆರೆ ಹಾಕೋ ಅಭ್ಯಾಸ ಶುರುವಾಗಿತ್ತು. 500 ಇರಬೇಕಾದ ಗೆರೆ 510 ದಾಟಿತ್ತು. ಅಂಗಡಿಯ ಕೌಂಟರ್ ಮೇಲೇ ಸಿಕ್ಕಿಬಿತ್ತು, ಮರ ಉಳಿಯಿತು. ಈಗ ನಾನೇ ಪಕ್ಕ ನಿಂತು "ಆಕ್ಚುವಲ್ ಸೈಜ್" ಹಾಕಿಸ್ತೀನಿ.

ಎಲ್ಲರೂ 100 ಮಿ.ಮೀ. ಗೆರೆ ಹಾಕ್ತಾರೆ. ನನಗೆ ಅದು ಸಾಲದು. 100ಕ್ಕೆ ಅರ್ಧ ಮಿ.ಮೀ. ತಪ್ಪು ಇದ್ದರೂ ಟೇಪಿನಲ್ಲಿ ಕಾಣೋದಿಲ್ಲ. ಗೆರೆ 500 ಇರಬೇಕು, ಅಡ್ಡ ಒಂದು, ಉದ್ದ ಒಂದು. ಟೇಪಿನ ಕೊಕ್ಕೆ ನಂಬಬೇಡಿ, ಅದು ಅಲ್ಲಾಡುತ್ತೆ. 100ರ ಗುರುತಿನಿಂದ ಹಿಡಿದು 600ಕ್ಕೆ ನೋಡಿ. ಮರ ಅಳೆಯೋದೂ ಅದೇ ಟೇಪಿನಲ್ಲಿ ಆಗಲಿ.

ಎರಡು ಗೆರೆ ಹಾಕಿದ್ದರಿಂದಲೇ ಇನ್ನೊಂದು ವಿಷಯ ಗೊತ್ತಾಯಿತು. ಪ್ಲಾಟರಿನಲ್ಲಿ ಶಾಯಿ ಹಾಕೋ ಹೆಡ್ ಓಡಾಡೋ ಕಡೆ 500 ಅಂದರೆ 500. ಕಾಗದ ಎಳೆಯೋ ಕಡೆ 498. ರೋಲರ್ ಕಾಗದ ದೂಡೋದರಲ್ಲಿ ಆಗೋ ವ್ಯತ್ಯಾಸ ಅದು. ಅಂಗಡಿಯ ರೋಲ್ 24 ಇಂಚಿನದು, ನನ್ನ ಅರ್ಧ ಕಮಾನು ಅಡ್ಡಕ್ಕೆ ಹಿಡಿಸೋದಿಲ್ಲ, ಎಳೆಯೋ ಕಡೆಗೇ ಮಲಗಿಸಬೇಕು. ಎರಡು ಅರ್ಧ ಸೇರಿದರೆ 5 ಮಿ.ಮೀ. ಹತ್ತಿರ ಬರುತ್ತೆ. ಬಾಗಿಲಲ್ಲಿ ಅದು ಎದ್ದು ಕಾಣುತ್ತೆ. ಪ್ಲಾಟರ್ ಸೆಟ್ಟಿಂಗ್ ಮುಟ್ಟಲು ಅಂಗಡಿಯವರು ಬಿಡಲಿಲ್ಲ. ಅದಕ್ಕೇ ಡ್ರಾಯಿಂಗ್‌ನಲ್ಲೇ ಕಮಾನನ್ನ ಬ್ಲಾಕ್ (ಗೆರೆಗಳನ್ನೆಲ್ಲ ಸೇರಿಸಿದ ಒಂದೇ ತುಂಡು) ಮಾಡಿ, ಆ ಒಂದು ಕಡೆ ಮಾತ್ರ 1.004 ಪಟ್ಟು ಹಿಗ್ಗಿಸಿ ಇಟ್ಟೆ. ವ್ಯೂಪೋರ್ಟ್ (ಪ್ರಿಂಟ್ ಹಾಳೆಯಲ್ಲಿ ಡ್ರಾಯಿಂಗ್ ಕಾಣಿಸೋ ಚೌಕ) 1:1, ಲಾಕ್. ಅಳತೆ ಗೆರೆಗಳೂ ಆ ಬ್ಲಾಕಿನ ಒಳಗೇ. ಇಲ್ಲದಿದ್ದರೆ ಗೆರೆ ಒಂದು ಹೇಳುತ್ತೆ, ಕಮಾನು ಇನ್ನೊಂದು ಹೇಳುತ್ತೆ. ನಿಮ್ಮ ಅಂಗಡಿಯ ಮಷೀನಿಗೆ ಬೇರೆ ಸಂಖ್ಯೆ ಬರುತ್ತೆ, ನೀವೇ ಅಳೆದುಕೊಳ್ಳಿ. ಒಂದು ಪ್ರಿಂಟ್ ನೋಡಿ ತೀರ್ಮಾನ ಮಾಡಬೇಡಿ. ನಾನು ಏಳೆಂಟು ತೆಗೆಸಿದೆ, ಒಂದಕ್ಕೆ 60-70 ರೂಪಾಯಿ.

ಮಧ್ಯೆ ಎ4 ಹಾಳೆಗಳನ್ನ ಜೋಡಿಸಿಯೂ ನೋಡಿದೆ, ದುಡ್ಡು ಉಳಿಯಲಿ ಅಂತ. ಮನೆಯ ಲೇಸರ್ ಪ್ರಿಂಟರ್, ಒಂಬತ್ತೋ ಹತ್ತೋ ಹಾಳೆ. ಒಂದೊಂದು ಜಾಯಿಂಟಿಗೂ ಕೂದಲೆಳೆ ಜರುಗಿ ಕೊನೆಗೆ 3 ಮಿ.ಮೀ. ಆಚೀಚೆ. ಸಣ್ಣ ಕೆತ್ತನೆಗೆ ಆದೀತು, ಕಮಾನಿಗೆ ಬೇಡ.

ಅಂಟಿನದು ಬೇರೆಯೇ ಕಥೆ. ಬಿಳಿ ಅಂಟು ಬಳಿದು ಕಾಗದ ಹಾಸಿದೆ. ನೀರು ಕುಡಿದು ಕಾಗದ ಉಬ್ಬಿತು. 500ರ ಗೆರೆ 503 ಆಯಿತು, ಹಾಗೇ ಒಣಗಿತು. ಜುಲೈ ತಿಂಗಳ ಮಳೆಯಲ್ಲಂತೂ ಸುಮ್ನೆ ಮೇಜಿನ ಮೇಲೆ ಬಿಟ್ಟ ಪ್ರಿಂಟೇ ಬೆಳಗ್ಗೆ ಒಂದು, ಸಂಜೆ ಒಂದು ಅಳತೆ ತೋರಿಸ್ತಿತ್ತು. ಈಗ ನೀರಿಲ್ಲದ ಅಂಟು ಬಳಸ್ತೀನಿ. ಯಾವುದು, ಹೇಗೆ ಹಾಸೋದು ಅನ್ನೋದು ನನ್ನ ಹತ್ತಿರವೇ ಇರಲಿ. ನಾಲ್ಕು ಹಾಳೆ ಹಾಳು ಮಾಡಿ ಕಲಿತದ್ದು ಅದು. ಅಂಟಿಸಿದ ಮೇಲೆ ಗೆರೆ ಇನ್ನೊಮ್ಮೆ ಅಳೆಯೋದು ಮಾತ್ರ ಮರೆಯಬೇಡಿ.

ಹೋದ ತಿಂಗಳಿನದಕ್ಕೆ ಪ್ರಿಂಟ್, ಪ್ಲೈ, ಅಂಟು ಎಲ್ಲ ಸೇರಿ 900 ರೂಪಾಯಿ ಆಸುಪಾಸು. ಕಮಾನು ಕೂರಿಸಿದ ದಿನ ಆಚಾರ್ರು ಏನೂ ಹೇಳಲಿಲ್ಲ. ಸಂದಿಯಲ್ಲಿ ಉಗುರು ಆಡಿಸಿ ನೋಡಿದರು, ಒಂದು ಕಡೆಯಿಂದ ಇನ್ನೊಂದು ಕಡೆವರೆಗೂ. ಆಮೇಲೆ ಆ ಪ್ಲೈವುಡ್ ಅಚ್ಚನ್ನ ಒರೆಸಿ, ಹಿಂದೆ ಸುಣ್ಣದ ಕಡ್ಡಿಯಲ್ಲಿ "4 ಅಡಿ" ಅಂತ ಬರೆದು, ತಮ್ಮ ಅಂಗಡಿಯ ಗೋಡೆಗೆ ನೇತುಹಾಕಿಕೊಂಡರು. ಮೊನ್ನೆ ಮೂರೂವರೆ ಅಡಿಯದೂ ಒಂದು ಬೇಕು ಅಂತ ಫೋನ್ ಮಾಡಿದ್ದರು.