ಪಿಯರ್‌ಗೆ ಮೋಸಂಬಿ, ಲಿಂಬೆ ಜೊತೆ: ಮನೆಯಲ್ಲೇ ಗಟ್ಟಿ ಜಾಮ್ ಮಾಡುವುದು ಹೇಗೆ?

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ತಳ್ಳುಬಂಡಿಗಳ ಮೇಲೆ ಪಿಯರ್ ಕಾಣಿಸಿಕೊಳ್ಳುತ್ತದೆ. ಬಂಡಿಯವರು ನಾಸ್ಪತಿ ಎಂದು ಕೂಗಿ ಮಾರುವ ಹಣ್ಣು ಇದೇ. ಕಾಶ್ಮೀರ, ಹಿಮಾಚಲ, ಪಂಜಾಬಿನಿಂದ ಲಾರಿಯಲ್ಲಿ ಬರುತ್ತದೆ. ಅದೇ ಹೊತ್ತಿಗೆ ಮರಾಠವಾಡ, ತೆಲಂಗಾಣದ ತೋಟಗಳ ಮೋಸಂಬಿಯೂ ಸಿಗತೊಡಗುತ್ತದೆ. ಲಿಂಬೆಗಂತೂ ಪಕ್ಕದ ಇಂಡಿ ಸೀಮೆಯೇ ಹೆಸರುವಾಸಿ. ಈ ಮೂರೂ ಒಟ್ಟಿಗೆ ಸಿಗುವ ದಿನಗಳೇ ಜಾಮ್ ಮಾಡಲು ಸರಿಯಾದ ದಿನಗಳು.

ಪಿಯರ್ ಜಾಮ್ ಮಾಡಿ ನೋಡಿದ ಹೆಚ್ಚಿನವರ ದೂರು ಒಂದೇ: ಎಷ್ಟು ಕುದಿಸಿದರೂ ಗಟ್ಟಿಯಾಗಲಿಲ್ಲ, ಪಾಕದ ಥರ ಹರಿಯುತ್ತದೆ. ತಪ್ಪು ಒಲೆಯದ್ದಲ್ಲ, ಕೈಯದ್ದೂ ಅಲ್ಲ. ಜಾಮ್ ಗಟ್ಟಿಯಾಗಲು ಸಕ್ಕರೆ, ಹುಳಿ, ಪೆಕ್ಟಿನ್ ಈ ಮೂರೂ ಬೇಕು. ಪೆಕ್ಟಿನ್ ಎಂದರೆ ಹಣ್ಣಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು. ಬೇಯಿಸಿದಾಗ ಅದು ನೀರಿಗೆ ಬಿಡುತ್ತದೆ. ಹುಳಿ ಇದ್ದಾಗ ಅದರ ಎಳೆಗಳು ಹತ್ತಿರ ಬರುತ್ತವೆ. ಸಕ್ಕರೆ ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಂಡಾಗ ಎಳೆಗಳು ಹೆಣೆದುಕೊಂಡು ಬಲೆಯಾಗುತ್ತವೆ. ಪಿಯರ್‌ನಲ್ಲಿ ಸಿಹಿ ಇದೆ, ಘಮವಿದೆ. ಆದರೆ ಹುಳಿಯೂ ಕಡಿಮೆ, ಪೆಕ್ಟಿನ್ನೂ ಕಡಿಮೆ. ಹಣ್ಣು ಮಾಗಿದಷ್ಟೂ ಪೆಕ್ಟಿನ್ ಇನ್ನೂ ಇಳಿಯುತ್ತದೆ.

ಪೆಕ್ಟಿನ್ ಜಾಸ್ತಿ ಇರುವುದು ನಾವು ಕಸದ ಬುಟ್ಟಿಗೆ ಹಾಕುವ ಭಾಗದಲ್ಲಿ: ಮೋಸಂಬಿ ಸಿಪ್ಪೆಯ ಒಳಗಿನ ಬಿಳಿ ಪದರದಲ್ಲಿ, ತೊಳೆಗಳ ಪೊರೆಯಲ್ಲಿ, ಬೀಜಗಳಲ್ಲಿ. ಅಂಗಡಿಯ ಪೆಕ್ಟಿನ್ ಪುಡಿಯನ್ನೂ ಮುಖ್ಯವಾಗಿ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯಿಂದ ಮತ್ತು ಸೇಬಿನ ಹಿಪ್ಪೆಯಿಂದಲೇ ತೆಗೆಯುತ್ತಾರೆ. ಮನೆಯಲ್ಲಿ ಸಿಪ್ಪೆ ಇರುವಾಗ ಪುಡಿಗೆ ಸುಮ್ನೆ ದುಡ್ಡು ಯಾಕೆ ಹಾಕಬೇಕು, ಅಲ್ವಾ?

ಏನೇನು ಬೇಕು

ಪಿಯರ್ 1 ಕಿಲೋ. ಸಿಪ್ಪೆ, ನಡುವಿನ ಗಟ್ಟಿ ಭಾಗ ತೆಗೆದ ಮೇಲೆ ಸುಮಾರು 800 ಗ್ರಾಂ ತಿರುಳು ಸಿಗುತ್ತದೆ. ಮೋಸಂಬಿ 3. ರಸ ತುಂಬಿದ ಲಿಂಬೆ 4. ಇವುಗಳಿಂದ 60 ಮಿ.ಲೀ. ರಸ ಬರಬೇಕು, ಕಡಿಮೆ ಬಿದ್ದರೆ ಇನ್ನೊಂದು ಹಿಂಡಿ. ಸಕ್ಕರೆ 700 ಗ್ರಾಂ. ಒಂದು ಇಂಚು ಹಸಿಶುಂಠಿ, ಇಷ್ಟವಿದ್ದರೆ. ಬೇರೆ ಮಸಾಲೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಲವಂಗ, ದಾಲ್ಚಿನ್ನಿ ಬಿದ್ದರೆ ಪಿಯರ್‌ನ ನಾಜೂಕು ಘಮ ಸತ್ತೇ ಹೋಗುತ್ತದೆ. ಶುಂಠಿ ಅದನ್ನು ಎತ್ತಿಕೊಡುತ್ತದೆ.

ಪಿಯರ್‌ನಲ್ಲಿ ಎರಡು ಬಗೆ ನೋಡಬಹುದು. ಉದ್ದ ಕತ್ತಿನ, ಮಾಗಿದಾಗ ಬೆಣ್ಣೆಯಂತೆ ಮೆತ್ತಗಾಗುವುದು ಬಬ್ಬುಗೋಶಾ. ದುಂಡಗೆ, ಕಚ್ಚಿದರೆ ಕರಕರ ಎನ್ನುವುದು ನಾಖ್. ಜಾಮ್‌ಗೆ ಬಬ್ಬುಗೋಶಾ ಒಳ್ಳೆಯದು. ಬೇಗ ಬೇಯುತ್ತದೆ, ವಾಸನೆಯೂ ಜಾಸ್ತಿ. ನಾಖ್ ಸಿಕ್ಕರೂ ಮಾಡಬಹುದು, ಸಣ್ಣಗೆ ಹೆಚ್ಚಿ ಹೆಚ್ಚು ಹೊತ್ತು ಬೇಯಿಸಬೇಕು. ಪಿಯರ್ ಒಳಗಿನಿಂದ ಹೊರಕ್ಕೆ ಮಾಗುವ ಹಣ್ಣು. ಹೊಟ್ಟೆ ಮೆತ್ತಗಾಗುವವರೆಗೆ ಕಾದರೆ ನಡುಭಾಗ ಕೊಳೆಯಲು ಶುರುವಾಗಿರುತ್ತದೆ. ಹಾಗಾಗಿ ತೊಟ್ಟಿನ ಹತ್ತಿರ ಒತ್ತಿ ನೋಡಿ. ಅಲ್ಲಿ ಸ್ವಲ್ಪ ತಗ್ಗಿದರೆ ಸಾಕು. ಮುಕ್ಕಾಲು ಪಾಲು ಹದವಾಗಿ ಮಾಗಿದ್ದು, ಕಾಲು ಪಾಲು ಇನ್ನೂ ಬಿರುಸಾಗಿರುವುದು ಇರಲಿ.

ಪಾತ್ರೆ ಅಗಲವಾದ, ದಪ್ಪ ತಳದ ಸ್ಟೀಲಿನದ್ದಾಗಬೇಕು. ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆಯೂ ಬೇಡ. ಹುಳಿಗೆ ಲೋಹ ಬಿಡುತ್ತದೆ. ಖಾಲಿ ಪಾತ್ರೆಯನ್ನು ತೂಕ ಮಾಡಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂದಿನ ರಾತ್ರಿ

ಎರಡು ಮೋಸಂಬಿಯ ಹೊರಗಿನ ಹಸಿರು-ಹಳದಿ ಪದರವನ್ನು ತೆಳ್ಳಗೆ ತೆಗೆದುಹಾಕಿ. ಒಳಗಿನ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿ. ಹಣ್ಣು ಹಿಂಡಿ ಬೀಜ, ಪೊರೆ ತೆಗೆದಿಡಿ. ಆ ಎರಡು ಹಣ್ಣಿನ ರಸವನ್ನು ಮನೆಯವರು ಆಗಲೇ ಕುಡಿದುಬಿಡಲಿ. ಮೋಸಂಬಿ ರಸ ರಾತ್ರಿಯಿಡೀ ಇಟ್ಟರೆ ಕಹಿಯಾಗುತ್ತದೆ. ಹಿಂಡಿದ ಮೇಲೆ ಹುಳಿಯ ಜೊತೆ ಸೇರಿ ನಿಧಾನಕ್ಕೆ ರೂಪುಗೊಳ್ಳುವ ಲಿಮೋನಿನ್ ಎಂಬ ವಸ್ತು ಅದಕ್ಕೆ ಕಾರಣ. ಜಾಮ್‌ಗೆ ಬೇಕಾದ ರಸವನ್ನು ಮೂರನೆಯ ಹಣ್ಣಿನಿಂದ ಬೆಳಿಗ್ಗೆ ಹಿಂಡಿದರಾಯಿತು. ಲಿಂಬೆ ರಸವನ್ನು ರಾತ್ರಿಯೇ ತೆಗೆಯಬಹುದು. ಹಿಂಡಿ ಫ್ರಿಜ್ಜಿನಲ್ಲಿಡಿ, ಬೀಜ ಎತ್ತಿಕೊಳ್ಳಿ.

ಬಿಳಿ ಭಾಗ, ಪೊರೆ, ಎಲ್ಲಾ ಬೀಜ ಸೇರಿಸಿ ತೆಳು ಮಲ್ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. 400 ಮಿ.ಲೀ. ನೀರಿಗೆ ಒಂದು ಚಮಚ ಲಿಂಬೆ ರಸ ಬೆರೆಸಿ ಗಂಟನ್ನು ಅದರಲ್ಲಿ ನೆನೆಹಾಕಿ.

ಬೆಳಿಗ್ಗೆ ಒಲೆ ಹಚ್ಚಿದಾಗ

ಗಂಟನ್ನು ಅದೇ ನೀರಿನಲ್ಲಿ ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ ಕುದಿಸಿ. ಆರಿದ ಮೇಲೆ ಗಂಟನ್ನು ಗಟ್ಟಿಯಾಗಿ ಹಿಂಡಿ. ಕೈಗೆ ಜಾರು ಜಾರಾದ, ಸ್ವಲ್ಪ ಮಂದವಾದ ರಸ ಇಳಿಯುತ್ತದೆ. ಅದೇ ಪೆಕ್ಟಿನ್. ಒಂದು ಹನಿಯೂ ಬಿಡದೆ ಹಿಂಡಿ. ನಾಲಿಗೆಗೆ ತುಸು ಕಹಿ ಅನಿಸಬಹುದು, ಸಕ್ಕರೆ ಬಿದ್ದ ಮೇಲೆ ಅದು ಮುಂದೆ ಬರುವುದಿಲ್ಲ.

ಈ ನಡುವೆ ಪಿಯರ್ ಸಿಪ್ಪೆ ತೆಗೆದು, ನಡುಭಾಗವನ್ನು ಧಾರಾಳವಾಗಿ ಕೊರೆದು ಬಿಸಾಕಿ. ಪಿಯರ್ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಂತಾಗುತ್ತದಲ್ಲ, ಅವು ಗಟ್ಟಿ ಗೋಡೆಯ ಕಲ್ಲುಕೋಶಗಳು. ನಡುಭಾಗದ ಸುತ್ತಲೇ ಅವು ಹೆಚ್ಚು, ಬೇಯಿಸಿದರೂ ಕರಗುವುದಿಲ್ಲ. ಉಳಿದ ತಿರುಳನ್ನು ಬೆರಳಿನ ಉಗುರಿನಷ್ಟು ಹೋಳು ಮಾಡಿ. ಕಪ್ಪಾಗದಂತೆ ಆಗಲೇ ಲಿಂಬೆ ರಸದಲ್ಲಿ ಹೊರಳಿಸಿ.

ಮೂರನೆಯ ಮೋಸಂಬಿಯ ಹೊರಪದರವನ್ನು ಕೂದಲೆಳೆಯಂತೆ ಸಣ್ಣಗೆ ಕತ್ತರಿಸಿ, ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ, ಆ ನೀರು ಚೆಲ್ಲಿ. ಈಗ ಪಿಯರ್ ಹೋಳು, ಉಳಿದ ಲಿಂಬೆ ರಸವೆಲ್ಲ, ಮೋಸಂಬಿ ರಸ, ಸಿಪ್ಪೆಯ ಎಳೆಗಳು, ತುರಿದ ಶುಂಠಿ ಎಲ್ಲವನ್ನೂ ಪೆಕ್ಟಿನ್ ನೀರಿಗೆ ಸೇರಿಸಿ ಬೇಯಿಸಿ. ಸಿಪ್ಪೆಯ ಎಳೆಯನ್ನು ಬೆರಳಲ್ಲಿ ಹಿಸುಕಿದರೆ ಒಡೆಯಬೇಕು, ಹೋಳು ಸೌಟಿಗೆ ಮುದ್ದೆಯಾಗಬೇಕು. ಬಬ್ಬುಗೋಶಾಗೆ 20 ನಿಮಿಷ ಸಾಕು. ನಾಖ್‌ಗೆ 40 ಬೇಕಾದೀತು. ಇಲ್ಲಿ ಅವಸರ ಮಾಡಬೇಡಿ. ಸಕ್ಕರೆ ಬಿದ್ದ ಮೇಲೆ ಸಿಪ್ಪೆಯೂ ಹೋಳೂ ಮುಂದೆ ಮೆತ್ತಗಾಗುವುದಿಲ್ಲ, ಬಿರುಸಾಗಿಯೇ ಉಳಿಯುತ್ತವೆ.

ಲಿಂಬೆ ರಸವನ್ನು ಕಡಿಮೆ ಮಾಡುವ ಆಸೆಯೂ ಬೇಡ. ಅದು ರುಚಿಗಷ್ಟೇ ಅಲ್ಲ. ಕೆಲವು ಪಿಯರ್ ತಳಿಗಳಲ್ಲಿ ಹುಳಿ ಎಷ್ಟು ಕಡಿಮೆ ಎಂದರೆ ಲಿಂಬೆ ಇಲ್ಲದೆ ಬಾಟಲಿಯಲ್ಲಿ ಮುಚ್ಚಿಡುವುದು ಸುರಕ್ಷಿತವಲ್ಲ.

ಸಕ್ಕರೆ, ಆಮೇಲೆ ಜೋರು ಉರಿ

ಉರಿ ಸಣ್ಣ ಮಾಡಿ 700 ಗ್ರಾಂ ಸಕ್ಕರೆ ಸುರಿಯಿರಿ. ಒಂದು ಹರಳೂ ಉಳಿಯದಂತೆ ಕರಗಿಸಿ. ಪಾತ್ರೆಯ ಅಂಚಿಗೆ ಅಂಟಿದ್ದನ್ನೂ ಒದ್ದೆ ಬ್ರಷ್‌ನಿಂದ ಇಳಿಸಿ, ಇಲ್ಲವಾದರೆ ಜಾಮ್ ಮುಂದೆ ಹರಳುಗಟ್ಟುತ್ತದೆ. ಸಕ್ಕರೆ ಇಷ್ಟೊಂದಾ ಎಂದು ಅನಿಸುವುದು ಸಹಜ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಮಾರುವ ಜಾಮ್‌ನಲ್ಲಿ ಕರಗಿದ ಘನ ಅಂಶ, ಅಂದರೆ ಬಹುಪಾಲು ಸಕ್ಕರೆ, ಕನಿಷ್ಠ ಶೇ 65 ಇರಬೇಕು. ಆ ಸಕ್ಕರೆಯಿಂದಲೇ ಜಾಮ್ ಕೆಡದೆ ಉಳಿಯುವುದು. 100-150 ಗ್ರಾಂ ಕಡಿಮೆ ಮಾಡಿದರೆ ಅದು ಫ್ರಿಜ್ಜಿನಲ್ಲಿಟ್ಟು ಬೇಗ ತಿನ್ನುವ ಜಾಮ್ ಆಗುತ್ತದೆ. ಬೆಲ್ಲ ಹಾಕಬಹುದಾ ಎಂದು ಕೇಳುವವರಿದ್ದಾರೆ. ಬೀದರ್ ಕಡೆಯ ಬೆಲ್ಲ ನನಗೂ ಇಷ್ಟ, ಆದರೆ ಈ ಜಾಮ್‌ಗೆ ಅದು ಬೇಡ. ಪಿಯರ್ ಅದರ ಮುಂದೆ ನಿಲ್ಲುವುದಿಲ್ಲ.

ಸಕ್ಕರೆ ಕರಗಿತೇ? ಇನ್ನು ಉರಿ ಜೋರು ಮಾಡಿ, ಮುಚ್ಚಳ ಹಾಕದೆ ಕುದಿಸಿ. ಉದ್ದ ಹಿಡಿಯ ಸೌಟು ಇರಲಿ, ಸಿಡಿದರೆ ಕೈ ಸುಡುತ್ತದೆ. ನೊರೆ ಬಂದರೆ ಅರ್ಧ ಚಮಚ ತುಪ್ಪ ಹಾಕಿದರೆ ಇಳಿಯುತ್ತದೆ. 20ರಿಂದ 30 ನಿಮಿಷದಲ್ಲಿ ಗುಳ್ಳೆಗಳು ದೊಡ್ಡದಾಗಿ, ಮಂದವಾಗಿ ಬೊಳ್ ಬೊಳ್ ಎಂದು ಒಡೆಯತೊಡಗುತ್ತವೆ. ಬಣ್ಣ ತಿಳಿ ಜೇನಿನದ್ದಾಗುತ್ತದೆ.

ಹದ ತಿಳಿಯುವುದು

ಎಲ್ಲರೂ ಎಡವುವುದು ಇಲ್ಲೇ, ಅದರಲ್ಲೂ ಥರ್ಮಾಮೀಟರ್ ಇಟ್ಟುಕೊಂಡವರು. ಜಾಮ್ ಹದ 105 ಡಿಗ್ರಿ ಸೆಲ್ಸಿಯಸ್ ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಬೀದರ್ 650 ಮೀಟರ್‌ಗಿಂತ ಮೇಲೆ. ಯಾದಗಿರಿ ಕಲಬುರಗಿಗಿಂತ ಸ್ವಲ್ಪ ಕೆಳಗೆ. ಸುಮಾರು 300 ಮೀಟರ್ ಮೇಲೇರಿದರೆ ನೀರು ಕುದಿಯುವ ಬಿಂದು 1 ಡಿಗ್ರಿ ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ನೀರು ಕುದಿಯುವುದು 98.5ರ ಆಸುಪಾಸು, ಬೀದರ್‌ನಲ್ಲಿ 98ಕ್ಕೂ ತುಸು ಕಡಿಮೆ. ಜಾಮ್ ಹದಕ್ಕೆ ಬರುವುದು ನೀರು ಕುದಿಯುವುದಕ್ಕಿಂತ ನಾಲ್ಕೂವರೆ–ಐದು ಡಿಗ್ರಿ ಮೇಲೆ. ಅಂದರೆ ಕಲಬುರಗಿ, ಯಾದಗಿರಿಯಲ್ಲಿ 103, ಬೀದರ್‌ನಲ್ಲಿ 102.5 ಬಂದರೆ ಇಳಿಸಬೇಕು. ಇಲ್ಲಿ 105ರ ತನಕ ಕಾದರೆ ಜಾಮ್ ಬರ್ಫಿಯಷ್ಟು ಬಿಗಿಯಾಗಿ, ಸುಟ್ಟ ಸಕ್ಕರೆಯ ವಾಸನೆ ಹೊಡೆಯುತ್ತದೆ. ಮೊದಲು ನಿಮ್ಮ ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಿಡಿದು ನೋಡಿ. ಬಂದ ಅಂಕಿಗೆ ನಾಲ್ಕೂವರೆ ಕೂಡಿಸಿ.

ಥರ್ಮಾಮೀಟರ್ ಇಲ್ಲದವರು ತಕ್ಕಡಿ ಬಳಸಿ. 700 ಗ್ರಾಂ ಸಕ್ಕರೆ ಹಾಕಿದ ಜಾಮ್, ಪಾತ್ರೆಯ ತೂಕ ಕಳೆದು ಸುಮಾರು ಒಂದೂಕಾಲು ಕಿಲೋಗೆ ಬಂದಾಗ ಹದದ ಹತ್ತಿರವಿರುತ್ತದೆ.

ತಟ್ಟೆಯ ಪರೀಕ್ಷೆಯನ್ನು ಮಾತ್ರ ಎಲ್ಲರೂ ಮಾಡಬೇಕು. ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರೀಜರ್‌ನಲ್ಲಿಟ್ಟಿರಿ. ಅರ್ಧ ಚಮಚ ಜಾಮ್ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಬಿದ್ದರೆ, ಬೆರಳು ಹೋದ ದಾರಿ ಮುಚ್ಚಿಕೊಳ್ಳದಿದ್ದರೆ ಆಯಿತು. ಪರೀಕ್ಷೆ ಮಾಡುವಷ್ಟು ಹೊತ್ತು ಪಾತ್ರೆ ಒಲೆಯಿಂದ ಕೆಳಗಿರಲಿ. ಇಲ್ಲವಾದರೆ ಆ ಎರಡು ನಿಮಿಷದಲ್ಲೇ ಹದ ಮೀರುತ್ತದೆ.

ಬಾಟಲಿಗೆ ತುಂಬುವುದು

250–300 ಗ್ರಾಂ ಹಿಡಿಯುವ ನಾಲ್ಕೈದು ಗಾಜಿನ ಬಾಟಲಿ, ಹೊಸ ಮುಚ್ಚಳ ಬೇಕು. ಬಾಟಲಿಗಳನ್ನು 10 ನಿಮಿಷ ನೀರಿನಲ್ಲಿ ಕುದಿಸಿ. ನಮ್ಮ ಬೋರ್‌ವೆಲ್ ನೀರು ಗಡಸು, ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಹಿಂಡಿದ ಲಿಂಬೆ ಹೋಳುಗಳನ್ನು ಆ ನೀರಿಗೇ ಹಾಕಿದರೆ ಪೊರೆ ಕಟ್ಟುವುದಿಲ್ಲ. ಬಿಸಿ ಬಾಟಲಿಗೆ ಬಿಸಿ ಜಾಮನ್ನೇ ತುಂಬಿ, ತಣ್ಣನೆಯ ಗಾಜು ಒಡೆಯುತ್ತದೆ. ಮೇಲೆ ಕಾಲು ಇಂಚು ಜಾಗ ಬಿಡಿ. ಅಂಚು ಒರೆಸಿ ಮುಚ್ಚಿ.

ಹೊರಗಿಟ್ಟು ತಿಂಗಳುಗಟ್ಟಲೆ ಬಳಸುವುದಾದರೆ ಮುಚ್ಚಿದ ಬಾಟಲಿಗಳನ್ನು ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಇನ್ನೊಮ್ಮೆ 10 ನಿಮಿಷ ಕುದಿಸಿ. ಅಡಿಯಲ್ಲಿ ಬಟ್ಟೆ ಹಾಸಿರಲಿ. ಆರಿದಾಗ ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡಿದ್ದರೆ ಗಾಳಿ ಹೋಗಿದೆ ಎಂದರ್ಥ. ಎಳೆದುಕೊಳ್ಳದ ಬಾಟಲಿ ಫ್ರಿಜ್ಜಿಗೆ. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಮಾತ್ರ ಯಾವ ಬಾಟಲಿಯೂ ಹೊರಗಿರುವುದು ಬೇಡ. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ, ಒಣ ಚಮಚವನ್ನೇ ಬಳಸಿ. ಬೂಸು ಬಂದರೆ ಮೇಲಿನದ್ದು ಕೆರೆದು ತಿನ್ನುವ ಅಭ್ಯಾಸ ಬಿಡಬೇಕು. ಬೂಸಿನ ವಿಷ ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರಬಹುದು.

ಜಾಮ್ ಮರುದಿನವೂ ತೆಳ್ಳಗಿದೆಯೇ? ಮೋಸಂಬಿ, ಲಿಂಬೆಯ ಪೆಕ್ಟಿನ್ ಕೂರಲು ಕೆಲವೊಮ್ಮೆ ಎರಡು ದಿನ ಬೇಕು, ಕಾಯಿರಿ. ಆಗಲೂ ಹರಿದರೆ ಮತ್ತೆ ಪಾತ್ರೆಗೆ ಸುರಿದು, ಒಂದು ಚಮಚ ಲಿಂಬೆ ರಸ ಸೇರಿಸಿ ಹದ ಬರುವ ತನಕ ಕುದಿಸಿ. ಎರಡು ಕಿಲೋ ಒಟ್ಟಿಗೆ ಮಾಡುವವರಿಗೂ ಇದೇ ತೊಂದರೆ. ಪಾತ್ರೆ ತುಂಬಿದರೆ ನೀರು ಬೇಗ ಆರುವುದಿಲ್ಲ, ಅಷ್ಟರಲ್ಲಿ ಪೆಕ್ಟಿನ್ ಬಲ ಕಳೆದುಕೊಳ್ಳುತ್ತದೆ. ಎರಡು ಸಲ ಮಾಡಿ. ಮೋಸಂಬಿ ಸರಿಯಾಗಿ ಸಿಗದ ದಿನಗಳಲ್ಲಿ ಒಂದು ಬಿರುಸು ಪೇರಲ ಹಣ್ಣನ್ನು ಹೆಚ್ಚಿ, ಬೇಯಿಸಿ, ಸೋಸಿ ಆ ನೀರನ್ನು ಸೇರಿಸಬಹುದು. ಪೇರಲದಲ್ಲಿ ಪೆಕ್ಟಿನ್ ಧಾರಾಳ. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬಂದಾಗ ಅದರಲ್ಲೂ ಇದೇ ಜಾಮ್ ಮಾಡಬಹುದು. ಅದರ ಸಿಪ್ಪೆ ಸಡಿಲ, ಬಿಳಿ ಭಾಗ ತೆಳು. ಆದ್ದರಿಂದ ಗಂಟಿಗೆ ಇನ್ನೆರಡು ಲಿಂಬೆಯ ಬೀಜ, ಪೊರೆ ಜಾಸ್ತಿ ಹಾಕಿ.