ಅಘನಾಶಿನಿ ಅಳಿವೆಯಲ್ಲಿ ಮೂರು ದಿನ: ನೀರಿನ ಹೊತ್ತು ನೋಡಿ ಹೊರಡಿ

ನಾನು ಶಿರಸಿಯವನು. ಅಘನಾಶಿನಿ ಹುಟ್ಟುವುದು ನಮ್ಮೂರ ಶಂಕರಹೊಂಡದಲ್ಲಿ. ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವವರೆಗೂ ಅದಕ್ಕೆ ದೊಡ್ಡ ಅಣೆಕಟ್ಟಿನ ಅಡ್ಡಿಯಿಲ್ಲ. ಹುಟ್ಟಿದ ಜಾಗ ನೋಡಿ ಬೆಳೆದವನಿಗೆ ಸೇರುವ ಜಾಗ ನೋಡುವ ಆಸೆ ಇದ್ದೇ ಇರುತ್ತದಲ್ಲ. ಈಗ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಮೂರು ದಿನ ಬಿಡುವು ಮಾಡಿಕೊಂಡು ಹೋಗುತ್ತೇನೆ. ಈಜು, ದೋಣಿ, ಗಾಳ, ಮೂರೂ ಅಲ್ಲೇ ಆಗುತ್ತದೆ.

ಮೊದಲ ದಿನವನ್ನು ದಂಡೆಗೆ ಇಡುತ್ತೇನೆ. ಕುಮಟಾದಿಂದ ವನ್ನಳ್ಳಿ, ಕಡ್ಲೆ, ಗುಡೇಅಂಗಡಿ, ಕಿರುಬೇಲೆ, ಪಡುವಣಿ ಹಾದು ಅಘನಾಶಿನಿ ಊರಿನವರೆಗೆ ಕರಾವಳಿಯ ಅಂಚಿನಲ್ಲೇ ನಡೆಯಬಹುದು. ಚಿರೆಕಲ್ಲಿನ ಗುಡ್ಡ ಹತ್ತುವುದು, ಇಳಿಯುವುದು, ಮತ್ತೆ ಮರಳು. ನಡುವಿನ ದಂಡೆಗಳಲ್ಲಿ ಅಂಗಡಿ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಒಬ್ಬರಿಗೆ ಮೂರು ಲೀಟರ್ ನೀರು, ಅವಲಕ್ಕಿ, ಒಂದು ಟೋಪಿ, ಕಸ ಹೊತ್ತು ತರಲು ಒಂದು ಚೀಲ. ಈಜಿದರೆ ಗುಡ್ಡಗಳ ನಡುವಿನ ಸಣ್ಣ ಕೊಲ್ಲಿಗಳಲ್ಲಿ, ಅದೂ ಸೊಂಟದ ಮಟ್ಟದಲ್ಲಿ. ಅಳಿವೆಯ ಬಾಯಿಯಲ್ಲಿ ಮಾತ್ರ ನೀರಿಗೆ ಇಳಿಯಲೇಬಾರದು. ಇಳಿತದ ಹೊತ್ತಿಗೆ ಇಡೀ ಹೊಳೆ ಅಲ್ಲಿಂದಲೇ ಕಡಲಿಗೆ ಹೊರಳುತ್ತದೆ; ಎಂಥ ಈಜುಗಾರನನ್ನೂ ಎಳೆದುಕೊಂಡು ಹೋಗುವ ಸೆಳೆತ ಅದು.

ಎರಡನೆಯ ದಿನ ದೋಣಿ. ಮೊದಲ ವರ್ಷ ಅಘನಾಶಿನಿ ಊರಿನ ಹಿರಿಯ ಅಂಬಿಗರೊಬ್ಬರು ತಮ್ಮ ಪಾತಿಯಲ್ಲಿ, ಅಂದರೆ ಸಣ್ಣ ದೋಣಿಯಲ್ಲಿ, ಕೂರಿಸಿಕೊಂಡು, ಹುಟ್ಟು ಹಾಕುವುದನ್ನು ನನಗೆ ಕಲಿಸಿದರು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗೆ ನುಗ್ಗಿದ ಮೇಲೆ ಅಲೆಯ ಸದ್ದು ಹಿಂದೆ ಉಳಿಯಿತು. ಅವರು ಒಂದು ಎಲೆ ಕಿತ್ತು ನಾಲಿಗೆಗೆ ಮುಟ್ಟಿಸಿ ನೋಡು ಎಂದರು. ಉಪ್ಪು! ಕೆಲವು ಜಾತಿಯ ಕಾಂಡ್ಲಾ ಬೇರಿನಿಂದ ಹೀರಿದ ಉಪ್ಪನ್ನು ಎಲೆಯ ಮೇಲೆ ಹೊರಹಾಕುತ್ತದೆ. ಬಿಸಿಲಿಗೆ ಹಿಡಿದರೆ ಸಣ್ಣ ಹರಳು ಕಣ್ಣಿಗೇ ಕಾಣುತ್ತದೆ. ಕೆಸರಿನಿಂದ ಪೆನ್ಸಿಲ್ಲಿನಂತೆ ಮೇಲೆದ್ದ ಉಸಿರುಬೇರುಗಳ ಸುತ್ತ ಏಡಿಗಳು ಓಡಾಡುತ್ತಿದ್ದವು. ಹಿಂತಿರುಗುವಾಗ ಅವರು ಹೇಳಿದ ಒಂದು ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ: "ತಮಾ, ಕಾಂಡ್ಲಾ ಬೇರಿನ ಮೇಲೆ ಒಂದು ಗೇಣು ಒದ್ದೆ ಕಂಡ್ತು ಅಂದ್ರೆ ತಿರುಗ್ಬೇಕು."

ಮರುವರ್ಷ ಅವರನ್ನು ಬಿಟ್ಟು, ಗೆಳೆಯನೊಬ್ಬನೊಂದಿಗೆ ನಾನೇ ಹೊರಟೆ. ಅಮಾವಾಸ್ಯೆಯ ಮರುದಿನ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನೀರು ತುಂಬಿತ್ತು, ದೋಣಿ ಹಗುರವಾಗಿ ಸಾಗಿತು. ಕಾಲುವೆಯಿಂದ ಕಾಲುವೆಗೆ ಹೋಗುತ್ತ ಹೋಗುತ್ತ ಹೊತ್ತು ಮರೆತೆವು. ಬೇರಿನ ಮೇಲಿನ ಕಪ್ಪು ಒದ್ದೆ ಗೆರೆ ಕಾಣುತ್ತಲೇ ಇತ್ತು, ನಾನು ಅದರ ಫೋಟೊ ಸಹ ತೆಗೆದೆ, ಆದರೆ ನೀರು ಇಳಿಯುತ್ತಿದೆ ಎಂಬ ಅದರ ಅರ್ಥ ಹೊಳೆಯಲಿಲ್ಲ. ಮೂರೂವರೆಗೆ ಪಾತಿಯ ತಳ ಕೆಸರಿಗೆ ಕೂತಿತು. ಇಳಿದು ತಳ್ಳೋಣವೆಂದು ಕಾಲಿಟ್ಟರೆ ತೊಡೆಯವರೆಗೆ ಹೂತೆ. ಕೆಸರಿನೊಳಗಿನ ಚಿಪ್ಪು ಪಾದ ಕೊಯ್ದಿತು. ಅಲ್ಲಿಂದ ನೀರು ಇನ್ನೂ ಇಳಿದು, ಮತ್ತೆ ಏರಿ, ದೋಣಿ ಅಲುಗಾಡಿದ್ದು ರಾತ್ರಿ ಎಂಟೂವರೆಗೆ. ಚಂದ್ರನಿಲ್ಲದ ಕತ್ತಲು, ಸೊಳ್ಳೆ, ಇಬ್ಬರಿಗೆ ಅರ್ಧ ಬಾಟಲಿ ನೀರು. ದಡಕ್ಕೆ ಬಂದಾಗ ಆ ಹಿರಿಯರು ಟಾರ್ಚ್ ಹಿಡಿದು ಕಾಯುತ್ತಿದ್ದರು. ಒಂದು ಮಾತೂ ಬೈಯಲಿಲ್ಲ. ಕಾಲು ತೊಳೆಯಲು ಕೊಡದಲ್ಲಿ ಸಿಹಿನೀರು ಕೊಟ್ಟರು.

ಆಮೇಲೆ ನಾನು ಕ್ಯಾಲೆಂಡರು ನೋಡಿಯೇ ರಜೆ ಹಾಕುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ (ಕಡಲ ನೀರಿನ ಏರಿಕೆ), ಇಳಿತ ಎರಡೂ ಜೋರು. ಅಷ್ಟಮಿಯ ಸುತ್ತಮುತ್ತ ಮಂದ. ಹೊಸಬರಿಗೆ ಅಷ್ಟಮಿಯ ದಿನಗಳೇ ವಾಸಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ. ನೀರು ಏರುವಾಗ ಒಳಗೆ ಹೋಗಿ, ತುಂಬಿ ನಿಂತಾಗ ತಿರುಗುತ್ತೇನೆ. ಲೈಫ್ ಜಾಕೆಟ್ಟು, ಹೆಡ್ ಟಾರ್ಚು, ಹಿಂಬದಿ ಪಟ್ಟಿ ಇರುವ ಚಪ್ಪಲಿ ಇಲ್ಲದೆ ದೋಣಿ ಹತ್ತುವುದಿಲ್ಲ.

ಗಾಳಕ್ಕೆ ಮೂರನೆಯ ದಿನದ ಬೆಳಗು. ಇಳಿದ ನೀರು ಮತ್ತೆ ಏರತೊಡಗಿದ ಮೊದಲ ಒಂದೆರಡು ತಾಸು ಮೀನು ದಡದತ್ತ ಬರುತ್ತದೆ. ಮರಳು ತಳದಲ್ಲಿ ನೊಗಲಿ, ಕಲ್ಲಿನ ಸಂದಿಯಲ್ಲಿ ಕೆಂಸ, ಅದೃಷ್ಟವಿದ್ದರೆ ಕುರುಡೆ. ಎರೆಗೆ ಹಸಿ ಶೆಟ್ಲಿ (ಸಿಗಡಿ) ಸಾಕು. ನೀರಲ್ಲಿ ನಡೆಯುವಾಗ ಕಾಲೆತ್ತಿ ಇಡದೆ ತಳಕ್ಕೆ ಎಳೆಯುತ್ತ ನಡೆಯಿರಿ. ಮರಳಲ್ಲಿ ಅಡಗಿದ ತೊರಕೆ ಮೀನು ಸದ್ದಿಗೆ ಸರಿದುಹೋಗುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಗಜನಿಗಳ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳ, ಜಂತ್ರಡಿ (ನೀರು ಬಿಡುವ ತೂಬು) ಬಳಿ ಗಾಳ ಹಾಕಬೇಡಿ. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಆ ಗದ್ದೆಗಳ ಮೀನಿನ ಹಕ್ಕು ಊರಿನವರದು, ಅದನ್ನು ಹರಾಜು ಹಾಕುವ ಪದ್ಧತಿಯಿದೆ.

ಇಳಿತದಲ್ಲಿ ಹೆಂಗಸರು ಎದೆಮಟ್ಟದ ನೀರಲ್ಲಿ ನಿಂತು, ಪಾದದಿಂದಲೇ ತಡವಿ ಬಳಚು (ತಿನ್ನುವ ಚಿಪ್ಪುಜೀವಿ) ಹುಡುಕುವುದನ್ನು ನೋಡುತ್ತ ನಾನು ಎಷ್ಟೋ ಹೊತ್ತು ಗಾಳ ಮರೆತಿದ್ದೇನೆ. ಎದುರು ದಡದ ತದಡಿಗೆ ಹಿಂದೆ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ, ದೊಡ್ಡ ಬಂದರಿನ ಪ್ರಸ್ತಾವಗಳು ಬಂದಾಗ ಎದುರು ನಿಂತವರು ಈ ಊರುಗಳ ಜನ. ಅವರು ನಿಂತಿದ್ದರಿಂದಲೇ ನನ್ನಂಥವರಿಗೆ ಇಲ್ಲಿ ದೋಣಿ ಹಾಕಲು ನೀರು ಉಳಿದಿದೆ ಎಂದು ನಾನು ನಂಬಿದ್ದೇನೆ. 2024ರಲ್ಲಿ ಅಳಿವೆಯ 4801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಹೋದ ಸಲ ಎರಡು ನೊಗಲಿ ಸಿಕ್ಕವು. ಗೇಣುದ್ದವೂ ಇಲ್ಲದ್ದನ್ನು ಬಿಟ್ಟೆ, ದೊಡ್ಡದನ್ನು ಅಂಬಿಗರ ಮನೆಯಲ್ಲಿ ಕೊಟ್ಟೆ. ಆ ಮನೆಯ ಅಮ್ಮ ಅದಕ್ಕೆ ಖಾರ ಸವರಿ, ರವೆಯಲ್ಲಿ ಹೊರಳಿಸಿ ಹುರಿದರು. ಉಂಡು, ತದಡಿಗೆ ಹೋಗುವ ಜಂಗಲ್ (ಜನರನ್ನು ಹೊಳೆ ದಾಟಿಸುವ ದೋಣಿ) ಹತ್ತಿದೆ. ನೀರು ಏರುತ್ತಿತ್ತು, ಕಾಂಡ್ಲಾದ ಉದ್ದನೆಯ ಹಸಿರು ಕೋಡುಗಳು ಒಂದೊಂದಾಗಿ ಒಳಗಿನ ಕೆಸರಿನತ್ತ ತೇಲಿ ಹೋಗುತ್ತಿದ್ದವು.